ಕಣ್ಕಟ್ಟನ್ನು ಪ್ರಶ್ನಿಸಿದ ಮೇಷ್ಟ್ರು – ಡಾ. ಎಚ್. ನರಸಿಂಹಯ್ಯ



ಸಂತೆ, ಜಾತ್ರೆಗಳಲ್ಲಿ ಗಾರುಡಿಯವರ ಆಟ ನೀವೆಲ್ಲಾ ನೋಡಿರ್ತೀರಿ. ಮೂರು ಬಟ್ಟಲು ಬೋರಲು ಹಾಕಿ, ಒಂದರ ಕೆಳಗಿದ್ದ ಉಂಡೆಯನ್ನು ಮಾಯ ಮಾಡ್ತಾರೆ. ರೂಪಾಯಿ ನಾಣ್ಯ ಮುಷ್ಟಿಯಲ್ಲಿ ಇಟ್ಟು ಊದಿದರೆ ನಾಣ್ಯವೇ ಇಲ್ಲ! ಇದಕ್ಕೆ ಕೈಚಳಕ, ಕಣ್ಕಟ್ಟು ಎಂದು ಹೆಸರು. ಈ ಕಣ್ಕಟ್ಟನ್ನೇ ಪವಾಡ ಎಂದು ನಂಬಿಸಿದರೆ ಜನರಿಗೆ ಮೋಸವಾಗುತ್ತದೆ ಎಂದು ನಮ್ಮ ರಾಜ್ಯದಲ್ಲಿ ಧೈರ್ಯವಾಗಿ ಹೇಳಿದ ಒಬ್ಬ ದೊಡ್ಡ ಮೇಷ್ಟ್ರು ಇದ್ದರು. ಅವರೇ ಡಾ. ಎಚ್. ನರಸಿಂಹಯ್ಯನವರು. ಎಲ್ಲರೂ ಅವರನ್ನು ಎಚ್.ಎನ್. ಎಂದು ಕರೆಯುತ್ತಿದ್ದರು. ನಾವೆಲ್ಲಾ ಹುಟ್ಟುವ ಮೊದಲೇ ಅವರು ತೀರಿಕೊಂಡರು. ಆದರೂ ಅವರ ಜೀವನ ನಮಗೆ ಇವತ್ತಿಗೂ ಬೇಕು.

ಜನನ ಮತ್ತು ಬಾಲ್ಯ

ಎಚ್.ಎನ್. ಅವರು 1920ನೇ ಇಸವಿ ಜೂನ್ 6ರಂದು ಗೌರಿಬಿದನೂರು ತಾಲ್ಲೂಕಿನ ಹೊಸೂರು ಎಂಬ ಹಳ್ಳಿಯಲ್ಲಿ ಹುಟ್ಟಿದರು. ಆಗ ಅದು ಕೋಲಾರ ಜಿಲ್ಲೆ, ಈಗ ಚಿಕ್ಕಬಳ್ಳಾಪುರ ಜಿಲ್ಲೆ. ತಂದೆ ಹನುಮಂತಪ್ಪ, ತಾಯಿ ವೆಂಕಟಮ್ಮ. ಮನೆಯಲ್ಲಿ ಬಹಳ ಬಡತನ. ನಮ್ಮ ಹಾಗೆಯೇ ಹಳ್ಳಿ ಶಾಲೆಯಲ್ಲಿ ಓದಿದರು. ಮುಂದೆ ಓದಬೇಕೆಂಬ ಆಸೆ ಇತ್ತು, ಆದರೆ ಬಸ್ಸಿಗೆ ದುಡ್ಡಿರಲಿಲ್ಲ. ಹೊಸೂರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದರಂತೆ! ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಿ ಚೆನ್ನಾಗಿ ಓದಿದರು.

ಆಮೇಲೆ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದಾಗ 1942ರ ಕ್ವಿಟ್ ಇಂಡಿಯಾ ಚಳವಳಿ ಬಂತು. ಗಾಂಧೀಜಿಯವರ ಕರೆ ಕೇಳಿ ಓದು ಬಿಟ್ಟು ಜೈಲಿಗೆ ಹೋದರು. ಹೊರಗೆ ಬಂದ ಮೇಲೆ ಓದು ಮುಗಿಸಿದರು. 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಮೇಷ್ಟ್ರಾದರು. ಅಮೆರಿಕಾದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ ಪರಮಾಣು ಭೌತಶಾಸ್ತ್ರದಲ್ಲಿ 1960ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲೇ ಉಳಿಯಲಿಲ್ಲ, ವಾಪಸ್ ಬಂದು ತಾವು ಪಾಠ ಮಾಡಿದ ಕಾಲೇಜಿಗೇ ಪ್ರಿನ್ಸಿಪಾಲರಾದರು.

ಸರಳ ಜೀವನ

ಅವರು ಮದುವೆ ಆಗಲಿಲ್ಲ. ಖಾದಿ ಬಟ್ಟೆ, ತಲೆಗೆ ಗಾಂಧಿ ಟೋಪಿ. ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ ಹುಡುಗರ ಜೊತೆಯಲ್ಲೇ ಇದ್ದರು. ವೈಸ್ ಚಾನ್ಸಲರ್ ಆದಮೇಲೂ ಸರಳತೆ ಬಿಡಲಿಲ್ಲ. ಉಪ್ಪಿಟ್ಟು ಎಂದರೆ ಅವರಿಗೆ ಪ್ರಾಣ. ಹಳ್ಳಿ ಮಕ್ಕಳೂ ಓದಲಿ ಎಂದು ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ಕಾಲೇಜು ಕಟ್ಟಿಸಿದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಪ್ರಾರಂಭಿಸಿದರು. ಅಲ್ಲಿ ವಾರ ವಾರವೂ ವಿಜ್ಞಾನಿಗಳ ಭಾಷಣ, ಯಾರು ಬೇಕಾದರೂ ಹೋಗಿ ಕೇಳಬಹುದಿತ್ತು.

ಪವಾಡಗಳ ಪರೀಕ್ಷೆ

1972ರಿಂದ 1977ರವರೆಗೆ ಎಚ್.ಎನ್. ಅವರು ಬೆಂಗಳೂರು ವಿಶ್ವವಿದ್ಯಾಲಯದ ವೈಸ್ ಚಾನ್ಸಲರ್ ಆಗಿದ್ದರು. ಆಗ 1976ರಲ್ಲಿ ಪವಾಡಗಳನ್ನು ಮತ್ತು ಮೂಢನಂಬಿಕೆಗಳನ್ನು ಪರೀಕ್ಷೆ ಮಾಡಲು ಒಂದು ಸಮಿತಿ ಮಾಡಿದರು. ವಿಶ್ವವಿದ್ಯಾಲಯಕ್ಕೆ ಇದೆಲ್ಲಾ ಯಾಕೆ ಅಂತ ಕೆಲವರು ಬೈದರು. ಸತ್ಯ ಹುಡುಕುವುದೇ ವಿಶ್ವವಿದ್ಯಾಲಯದ ಕೆಲಸ ಎಂಬುದು ಅವರ ನಿಲುವು.

ಬರಿಗೈಯಿಂದ ವಿಭೂತಿ, ಉಂಗುರ ಬರಿಸುತ್ತಾರೆಂದು ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರು ಆಗ ಬಹಳ ಪ್ರಸಿದ್ಧಿ. ಸಮಿತಿಯ ಎದುರಿಗೆ ಇದನ್ನು ಮಾಡಿ ತೋರಿಸಬೇಕೆಂದು ಎಚ್.ಎನ್. ಅವರಿಗೆ ಪತ್ರ ಬರೆದರು. ಒಂದಲ್ಲ, ಮೂರು ಪತ್ರ. ಸಾಯಿಬಾಬಾ ಅವರು ಪರೀಕ್ಷೆಗೆ ಒಪ್ಪಲಿಲ್ಲ. ಉಂಗುರದ ಬದಲು ಒಂದು ಕುಂಬಳಕಾಯಿ ಬರಿಸಿ ಎಂದು ಎಚ್.ಎನ್. ಕೇಳಿದ್ದು ರಾಜ್ಯದಲ್ಲೆಲ್ಲಾ ಮಾತಾಯಿತು. ಕುಂಬಳಕಾಯಿಯೇ ಯಾಕೆ ಗೊತ್ತಾ? ಉಂಗುರವನ್ನು ಬೆರಳ ಸಂದಿಯಲ್ಲಿ ಬಚ್ಚಿಡಬಹುದು, ತೋಳಿನೊಳಗೆ ಜಾರಿಸಬಹುದು. ಕುಂಬಳಕಾಯಿಯನ್ನು ಎಲ್ಲಿ ಬಚ್ಚಿಡೋದು? ಕೇಳಿದರೆ ನಗು ಬರುತ್ತೆ, ಆದರೆ ಇದು ನಿಜವಾದ ವಿಜ್ಞಾನದ ಪ್ರಶ್ನೆ.

ಇನ್ನೊಂದು ಸಂಗತಿ ನಮ್ಮ ಪಕ್ಕದ ಮಂಡ್ಯ ಜಿಲ್ಲೆಯ ಪಾಂಡವಪುರದ್ದು. ಅಲ್ಲಿ ಒಬ್ಬ ಪುಟ್ಟ ಹುಡುಗನ ಕೈಯಿಂದ ವಿಭೂತಿ ಬರುತ್ತೆ ಎಂದು ಜನ ಗುಂಪು ಗುಂಪಾಗಿ ಬರುತ್ತಿದ್ದರು. 1976ರಲ್ಲಿ ಸಮಿತಿಯವರು ಹೇಳದೆ ಕೇಳದೆ ಅಲ್ಲಿಗೆ ಹೋದರು. ಪರೀಕ್ಷೆ ಮಾಡಿದಾಗ ಅಂಗಿಯ ಒಳಗೆ ಬಚ್ಚಿಟ್ಟಿದ್ದ ವಿಭೂತಿ ಸಿಕ್ಕಿತು. ಪವಾಡ ಅಲ್ಲಿಗೇ ಮುಗೀತು. ನನಗನ್ನಿಸುವುದು ಏನೆಂದರೆ ಆ ಹುಡುಗನನ್ನು ಬೈಯಬಾರದು. ಅವನು ನಮಗಿಂತ ಚಿಕ್ಕವನು. ಗೋಲಿ, ಬುಗುರಿ ಆಡಬೇಕಾದ ವಯಸ್ಸಿನಲ್ಲಿ ಅವನನ್ನು ದೇವರು ಮಾಡಿ ಕೂರಿಸಿದರೆ ಅವನ ಆಟ, ಪಾಠ ಎಲ್ಲಾ ಹೋಗುತ್ತೆ. ಯಾರೂ ಪ್ರಶ್ನೆ ಕೇಳದಿದ್ದರೆ ಇಂಥ ಮಕ್ಕಳನ್ನು ಬಿಡಿಸುವವರು ಯಾರು?

1977ರಲ್ಲಿ ಎಚ್.ಎನ್. ವೈಸ್ ಚಾನ್ಸಲರ್ ಹುದ್ದೆ ಬಿಟ್ಟರು, ಆ ವರ್ಷವೇ ಸಮಿತಿಯೂ ನಿಂತುಹೋಯಿತು. ಆದರೆ ಅವರು ಎದ್ದಿಸಿದ ಪ್ರಶ್ನೆ ನಿಲ್ಲಲಿಲ್ಲ.

ವಸ್ತು ಮಾಯವಾಗುವುದು ಹೇಗೆ?

ಕೈಚಳಕದಲ್ಲಿ ಮುಖ್ಯವಾಗಿ ಎರಡು ಗುಟ್ಟು ಇವೆ.

1. ಕೈಯ ಕೆಲಸ: ಬಲಗೈಯಲ್ಲಿರುವ ನಾಣ್ಯವನ್ನು ಎಡಗೈಗೆ ಹಾಕಿದ ಹಾಗೆ ಮಾಡ್ತಾರೆ, ಆದರೆ ಹಾಕಿರೋದಿಲ್ಲ. ನಾಣ್ಯ ಬಲಗೈಯ ಬೆರಳುಗಳ ಬುಡದಲ್ಲೇ ಸಿಕ್ಕಿಕೊಂಡಿರುತ್ತೆ. ಎಡಗೈ ಮಾತ್ರ ನಾಣ್ಯ ಹಿಡಿದ ಹಾಗೆ ಮುಷ್ಟಿ ಕಟ್ಟಿರುತ್ತೆ.

2. ಕಣ್ಣು ತಪ್ಪಿಸುವುದು: ಆಟ ಆಡಿಸುವವನು ತನ್ನ ಖಾಲಿ ಎಡಗೈಯನ್ನೇ ನೋಡ್ತಾನೆ, ಅದಕ್ಕೇ ಮಂತ್ರ ಹಾಕ್ತಾನೆ. ಅವನು ನೋಡಿದ ಕಡೆಗೇ ನಾವೂ ನೋಡ್ತೀವಿ. ಅಷ್ಟರಲ್ಲಿ ಬಲಗೈ ಮೆಲ್ಲಗೆ ಜೇಬಿಗೆ ಹೋಗಿ ಬಂದಿರುತ್ತೆ. ನಮ್ಮ ಕಣ್ಣು ತೆರೆದೇ ಇರುತ್ತೆ, ಆದರೆ ಗಮನ ಬೇರೆ ಕಡೆ ಇರುತ್ತೆ.

ವಿಭೂತಿ ಬರಿಸುವುದಕ್ಕೂ ಹೀಗೇ ಉಪಾಯ ಇದೆ. ವಿಭೂತಿಗೆ ಗಂಜಿ ಸೇರಿಸಿ ಸಣ್ಣ ಬಿಲ್ಲೆ ಮಾಡಿ ಒಣಗಿಸ್ತಾರೆ. ಅದನ್ನು ಹೆಬ್ಬೆರಳಿನ ಸಂದಿಯಲ್ಲಿ ಇಟ್ಟುಕೊಂಡು, ಕೈ ಗಾಳಿಯಲ್ಲಿ ತಿರುಗಿಸಿ, ಬೆರಳಿನಿಂದ ಪುಡಿ ಮಾಡಿದರೆ ಆಯಿತು.

ಜಾದೂಗಾರರನ್ನು ಕೀಳಾಗಿ ನೋಡಬಾರದು. ನಮ್ಮೂರ ಲಕ್ಷ್ಮೀದೇವಿ ಗುಡಿಯ ಕಲ್ಲು ಕೆತ್ತಿದ ಕೈಗಳ ಹಾಗೆ ಅವರ ಕೈಗಳೂ ಬಹಳ ಅಭ್ಯಾಸದಿಂದ ಪಳಗಿದ ಕೈಗಳು. ಅವರು ಇದು ಆಟ ಎಂದು ಹೇಳಿಯೇ ಆಡಿಸಿ ಹೊಟ್ಟೆ ಹೊರೆಯುತ್ತಾರೆ. ಆಟವನ್ನು ದೈವಶಕ್ತಿ ಎಂದು ಹೇಳಿ ದುಡ್ಡು ಕೇಳಿದರೆ ಮಾತ್ರ ಅದು ಮೋಸ. ಒಡವೆ ಎರಡರಷ್ಟು ಮಾಡಿಕೊಡ್ತೀವಿ ಅಂತ ಮನೆ ಬಾಗಿಲಿಗೆ ಬಂದು, ಗಂಟಿನಲ್ಲಿದ್ದ ಚಿನ್ನ ಬದಲಾಯಿಸಿ ಕಲ್ಲು ಕಟ್ಟಿಕೊಟ್ಟು ಹೋಗುವವರ ಕೈಚಳಕವೂ ಇದೇ. ಅಲ್ಲಿ ಮಾಯವಾಗುವುದು ನಾಣ್ಯವಲ್ಲ, ನಮ್ಮ ಅಮ್ಮಂದಿರ ತಾಳಿ.

ಕೊನೆಯ ದಿನಗಳು

ಎಚ್.ಎನ್. ಅವರಿಗೆ 1984ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂತು. ಅವರು ವಿಧಾನ ಪರಿಷತ್ತಿನ ಸದಸ್ಯರೂ ಆಗಿದ್ದರು. ತಮ್ಮ ಜೀವನದ ಕತೆಯನ್ನು ಹೋರಾಟದ ಹಾದಿ ಎಂಬ ಪುಸ್ತಕದಲ್ಲಿ ಬರೆದಿದ್ದಾರೆ. 2005ನೇ ಇಸವಿ ಜನವರಿ 31ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರು ಹೋದಮೇಲೆ 2017ರಲ್ಲಿ ನಮ್ಮ ರಾಜ್ಯದಲ್ಲಿ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ ಕಾನೂನು ಆಯಿತು.

ನಾವು ಕಲಿಯಬೇಕಾದದ್ದು

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮ ಹಿರಿಯರು ಮಾಡಿದ್ದು. ಎಚ್.ಎನ್. ಅವರು ಅದನ್ನು ಬಾಳಿ ತೋರಿಸಿದರು. ದೊಡ್ಡವರಿಗೆ ಮರ್ಯಾದೆ ಕೊಡೋಣ, ಆದರೆ ಯಾರು ಹೇಳಿದರೂ ಯಾಕೆ, ಹೇಗೆ ಎಂದು ಕೇಳುವುದನ್ನು ಬಿಡಬಾರದು. ಇನ್ನು ಮೇಲೆ ಯಾರಾದರೂ ಖಾಲಿ ಕೈ ತೋರಿಸಿದರೆ, ಗೆಳೆಯರೇ, ಅವರ ಇನ್ನೊಂದು ಕೈ ಎಲ್ಲಿದೆ ಅಂತ ಮೊದಲು ನೋಡಿ.

– 7ನೇ ತರಗತಿ, ದೊಡ್ಡಗದ್ದವಳ್ಳಿ