ತೆರೆಯ ಮೇಲೆ ಚಾಟಿ, ತಲೆಯ ಮೇಲೆ ಇರುಮುಡಿ: ನಂಬಿಯಾರ್ ಗುರುಸ್ವಾಮಿ



ಸ್ವಾಮಿಗಳೇ, ಚೆನ್ನೈಗೆ ಕೆಲಸಕ್ಕೆ ಬಂದ ಮೇಲೆ ಇಲ್ಲಿನ ಹಿರಿಯ ಸ್ವಾಮಿಗಳ ಬಾಯಲ್ಲಿ ನಾನು ಪದೇ ಪದೇ ಕೇಳಿದ ಹೆಸರು ಎಂ.ಎನ್. ನಂಬಿಯಾರ್. ಹಳೆಯ ತಮಿಳು ಸಿನಿಮಾದ ಅತಿ ದೊಡ್ಡ ಖಳನಾಯಕ. ನಮಗೆ ವಜ್ರಮುನಿ ಹೇಗೋ ತಮಿಳರಿಗೆ ನಂಬಿಯಾರ್ ಹಾಗೆ. ಆದರೆ ಮಲೆಯ ಹಾದಿಯಲ್ಲಿ ಅವರ ಹೆಸರು ಬೇರೆ. ಅಲ್ಲಿ ಅವರು ಮಹಾಗುರುಸ್ವಾಮಿ. ಇಬ್ಬರೂ ಒಬ್ಬರೇ ಅಂತ ಮೊದಲ ಸಲ ಕೇಳಿದಾಗ ನಾನು ನಂಬಲಿಲ್ಲ.

ಅವರು ಹುಟ್ಟಿದ್ದು 1919ರ ಮಾರ್ಚ್ 7ರಂದು, ಈಗಿನ ಕೇರಳದ ಕಣ್ಣೂರು ಕಡೆ. ಮಂಗಳೂರಿನಿಂದ ರೈಲು ಹತ್ತಿದರೆ ಎರಡು ಮೂರು ಗಂಟೆಯ ದಾರಿ. ಚಿಕ್ಕ ವಯಸ್ಸಿಗೇ ತಂದೆ ತೀರಿಹೋದರು. ಹುಡುಗ ಊಟಿಯಲ್ಲಿದ್ದ ತನ್ನವರ ಆಸರೆಗೆ ಬಂದ. ಹದಿಮೂರರ ಆಸುಪಾಸಿನಲ್ಲಿ ನವಾಬ್ ರಾಜಮಾಣಿಕ್ಯಂ ಅವರ ನಾಟಕ ಕಂಪನಿ ಸೇರಿಕೊಂಡ. ನಮ್ಮ ಅಣ್ಣಾವ್ರು ಗುಬ್ಬಿ ಕಂಪನಿಯಲ್ಲಿ ಬೆಳೆದ ಹಾಗೆಯೇ ಇದೂ. ಊಟ, ವಸತಿ, ಪಾಠ, ಕೆಲಸ ಎಲ್ಲವೂ ಕಂಪನಿಯದ್ದೇ. ಆ ಕಂಪನಿಯಲ್ಲಿ ಇದ್ದವರೆಲ್ಲ ಗಂಡಸರೇ, ಹೆಣ್ಣಿನ ಪಾತ್ರವನ್ನೂ ಹುಡುಗರೇ ಮಾಡಬೇಕಿತ್ತು.

ಈ ರಾಜಮಾಣಿಕ್ಯಂ ಅವರ ಬಗ್ಗೆ ಸ್ವಲ್ಪ ಹೇಳಲೇಬೇಕು. ರಾಮದಾಸರ ಕತೆಯ ನಾಟಕದಲ್ಲಿ ನವಾಬನ ಪಾತ್ರ ಮಾಡಿ ಮಾಡಿ ಆ ಹೆಸರೇ ಅವರಿಗೆ ಅಂಟಿಕೊಂಡಿತು. ಅವರು ಅಯ್ಯಪ್ಪ ಸ್ವಾಮಿಯ ಕತೆಯನ್ನು ನಾಟಕ ಮಾಡಿ ತಮಿಳುನಾಡಿನಲ್ಲಿ ಊರೂರಿಗೆ ಮುಟ್ಟಿಸಿದವರು. ಇವತ್ತು ಚೆನ್ನೈನಲ್ಲಿ ಕಾರ್ತಿಕ ಬಂತೆಂದರೆ ಗಲ್ಲಿಗೊಬ್ಬರು ಮಾಲೆಧಾರಿ ಕಾಣುತ್ತಾರೆ. ಆಗ ಹಾಗಿರಲಿಲ್ಲ. ಶಬರಿಮಲೆ ಎಲ್ಲಿದೆ ಅಂತಲೇ ಬಹಳ ಜನಕ್ಕೆ ಗೊತ್ತಿರಲಿಲ್ಲ. ಅಂಥ ಗುರುವಿನ ಕೈಯಲ್ಲಿ ಬೆಳೆದ ಹುಡುಗ ಮೊದಲು ಮಲೆ ಹತ್ತಿದ್ದೂ ಆ ಗುರುವಿನ ಹಿಂದೆಯೇ, 1940ರ ದಶಕದಲ್ಲಿ. ಆಗ ಪಂಬೆಯವರೆಗೆ ಬಸ್ಸು ಇರಲಿಲ್ಲ. ಎರುಮೇಲಿಯಿಂದ ಅಳುದಾ ದಾಟಿ, ಕರಿಮಲೆ ಹತ್ತಿ ಇಳಿದು, ಕಾಡಿನಲ್ಲೇ ಅಡುಗೆ ಮಾಡಿಕೊಂಡು ಹೋಗಬೇಕಿತ್ತು. ವರ್ಚುವಲ್ ಕ್ಯೂ ಟಿಕೆಟ್ ಸಿಗಲಿಲ್ಲ ಅಂತ ಗೊಣಗುವ ನಾವು ಅದನ್ನು ಒಮ್ಮೆ ನೆನೆಸಿಕೊಳ್ಳಬೇಕು.

ಗುರುವಿನ ನಾಟಕವೇ ಸಿನಿಮಾ ಆದಾಗ, 1935ರ ಭಕ್ತ ರಾಮದಾಸ್ ಚಿತ್ರದಲ್ಲಿ ನಂಬಿಯಾರ್ ಮೊದಲು ಬಣ್ಣ ಹಚ್ಚಿದರು. ಶುರುವಿನಲ್ಲೇ ಅವರು ಖಳನಾಯಕ ಆಗಿರಲಿಲ್ಲ. 1950ರಲ್ಲಿ ಸೇಲಂನ ಮಾಡರ್ನ್ ಥಿಯೇಟರ್ಸ್‌ನವರ ದಿಗಂಬರ ಸಾಮಿಯಾರ್ ಚಿತ್ರಕ್ಕೆ ಅವರೇ ನಾಯಕ. ಕೆಟ್ಟವರ ಗುಟ್ಟು ಬಯಲು ಮಾಡಲು ವೇಷದ ಮೇಲೆ ವೇಷ ಬದಲಿಸುವ ಪಾತ್ರ. ಮೇಕಪ್ ಬಿಟ್ಟು ನಡಿಗೆಯಿಂದಲೇ ಆಳನ್ನು ಬದಲಿಸುತ್ತಾರೆ. 1952ರಲ್ಲಿ ಅಮೆರಿಕದವರ ಜೊತೆ ಸೇರಿ ತೆಗೆದ ದಿ ಜಂಗಲ್ ಎಂಬ ಇಂಗ್ಲಿಷ್ ಚಿತ್ರದಲ್ಲೂ ಇದ್ದರು.

ಆಮೇಲೆ ಎಂ.ಜಿ.ಆರ್. ಯುಗ. ಎಂ.ಜಿ.ಆರ್. ಎದುರು ನಿಲ್ಲಲು ಒಬ್ಬ ಬೇಕಿತ್ತು, ನಂಬಿಯಾರ್ ನಿಂತರು. 1951ರ ಸರ್ವಾಧಿಕಾರಿ, 1958ರ ನಾಡೋಡಿ ಮನ್ನನ್, ಹೀಗೆ ಸಾಲು ಸಾಲು. ಅದೇ 1958ರಲ್ಲಿ ಶಿವಾಜಿ ಗಣೇಶನ್ ಅವರ ಉತ್ತಮಪುತ್ತಿರನ್ ಚಿತ್ರದಲ್ಲಿ ರಾಜ್ಯ ಹಾಳು ಮಾಡುವ ಮಾವ. 1965ರಲ್ಲಿ ಬಂದ ಆಯಿರತ್ತಿಲ್ ಒರುವನ್ ಚಿತ್ರದಲ್ಲಿ ಜನರನ್ನು ಗುಲಾಮರಾಗಿ ಮಾರುವ ದೊರೆ. ಆ ಚಿತ್ರ ತೆಗೆದವರು ನಮಗೆ ಕಿತ್ತೂರು ಚೆನ್ನಮ್ಮ ಕೊಟ್ಟ ಬಿ.ಆರ್. ಪಂತುಲು ಅವರೇ.

ಅದೇ ವರ್ಷದ ಎಂಗ ವೀಟ್ಟು ಪಿಳ್ಳೈ ಚಿತ್ರವನ್ನು ಮಾತ್ರ ನೋಡಲೇಬೇಕು. ಎಂ.ಜಿ.ಆರ್.ಗೆ ಅದರಲ್ಲಿ ಎರಡು ಪಾತ್ರ. ಒಬ್ಬ ಅಂಜುಬುರುಕ, ಇನ್ನೊಬ್ಬ ಗಂಡೆದೆಯವನು. ಆಸ್ತಿ ಕೈಯಲ್ಲಿಟ್ಟುಕೊಂಡ ಭಾವ ನಂಬಿಯಾರ್, ಅಂಜುಬುರುಕನಿಗೆ ಚಾಟಿಯಲ್ಲಿ ಬಾರಿಸುತ್ತಾರೆ. ಕಣ್ಣು ಅಗಲ ಮಾಡಿ, ಹಲ್ಲು ಕಚ್ಚಿ ಬಾರಿಸುವುದನ್ನು ಕಂಡರೆ ಇವತ್ತಿಗೂ ಮೈ ಉರಿಯುತ್ತದೆ. ನಂತರ ಇನ್ನೊಬ್ಬ ಆ ಮನೆಗೆ ಬಂದು ಅದೇ ಚಾಟಿ ಕಿತ್ತುಕೊಂಡು ತಿರುಗಿಸಿ ಕೊಡುತ್ತಾನೆ. ಜನ ಚಪ್ಪಾಳೆ ಹೊಡೆದದ್ದು ಎಂ.ಜಿ.ಆರ್.ಗೆ. ಆದರೆ ನನ್ನ ಲೆಕ್ಕದಲ್ಲಿ ಆ ಚಪ್ಪಾಳೆಯ ಅರ್ಧ ದುಡಿಮೆ ನಂಬಿಯಾರ್ ಅವರದ್ದು. ಮೊದಲು ಅಷ್ಟು ಸಿಟ್ಟು ಬರಿಸದಿದ್ದರೆ ಆಮೇಲೆ ಅಷ್ಟು ಖುಷಿ ಎಲ್ಲಿಂದ ಬರಬೇಕು? ಎರಡು ಅಂಗೈ ಉಜ್ಜಿಕೊಂಡು ಸಂಚು ಹೂಡುವ ಅವರ ಆ ಚಾಳಿಯನ್ನು ತಮಿಳು ಮಿಮಿಕ್ರಿ ಕಲಾವಿದರು ಇನ್ನೂ ಬಿಟ್ಟಿಲ್ಲ. ನನ್ನ ಜೊತೆ ಕೆಲಸ ಮಾಡುವ ತಮಿಳು ಸ್ನೇಹಿತನ ಅಜ್ಜಿಗೆ ಟಿವಿಯಲ್ಲಿ ಆ ಮುಖ ಬಂದರೆ ಈಗಲೂ ಶಾಪ ಹಾಕುವ ರೂಢಿ ಇದೆ. ಅದೇ ಅಜ್ಜಿ ಕಾರ್ತಿಕ ಮಾಸದಲ್ಲಿ ನಂಬಿಯಾರ್ ಸ್ವಾಮಿ ಎಂದು ಕೈ ಮುಗಿಯುತ್ತಾರಂತೆ.

ಸೆಟ್‌ನಿಂದ ಆಚೆ ಬಂದರೆ ಆ ಮನುಷ್ಯ ಪೂರ್ತಿ ಸಸ್ಯಾಹಾರಿ. ಕುಡಿತ ಮುಟ್ಟಿದವರಲ್ಲ. ಹೆಂಡತಿ ರುಕ್ಮಿಣಿ ಅಮ್ಮ ಮಾಡಿದ ಅಡುಗೆ ಬಿಟ್ಟು ಬೇರೆ ಉಣ್ಣುತ್ತಿರಲಿಲ್ಲ. ಹೊರ ಊರಿನ ಶೂಟಿಂಗ್‌ಗೂ ಆ ತಾಯಿ ಜೊತೆಗೆ ಹೋಗಿ ಅಡುಗೆ ಮಾಡಿ ಬಡಿಸುತ್ತಿದ್ದರು. ನಾವು 41 ದಿನ ಮಾಡುವುದನ್ನು ಅವರು ವರ್ಷವಿಡೀ ಮಾಡಿದರು, ಅದೂ ಹೆಂಡ ಮತ್ತು ಪಾರ್ಟಿ ನೀರಿನಂತೆ ಹರಿಯುವ ಸಿನಿಮಾ ಲೋಕದಲ್ಲಿ ಇದ್ದುಕೊಂಡು. ಹಾಗೆ ನೋಡಿದರೆ ಆ ಪುಣ್ಯದಲ್ಲಿ ದೊಡ್ಡ ಪಾಲು ರುಕ್ಮಿಣಿ ಅಮ್ಮನಿಗೇ ಸೇರಬೇಕು.

ನಮ್ಮ ಗುಂಪಿನಲ್ಲಿ ಪ್ರತಿ ವರ್ಷ ಯಾರಾದರೂ ಕನ್ನಿಸ್ವಾಮಿ ಕೇಳುತ್ತಾರೆ: ನೈಟ್ ಶಿಫ್ಟ್ ಇದೆ, ಸುತ್ತ ಎಲ್ಲರೂ ತಿನ್ನುವವರು ಕುಡಿಯುವವರು, ದಿನವಿಡೀ ಸಿಟ್ಟು ಬರಿಸುವ ಫೋನ್ ಕರೆಗಳು, ಇಂಥ ಕೆಲಸದಲ್ಲಿ ಮಾಲೆ ಹಾಕಿದರೆ ವ್ರತ ನಿಲ್ಲುತ್ತದಾ? ಐಟಿ ಸಪೋರ್ಟ್‌ನಲ್ಲಿರುವ ನನಗೂ ಮೊದಲ ವರ್ಷ ಇದೇ ಅನುಮಾನ ಇತ್ತು. ನಂಬಿಯಾರ್ ಅವರಿಗೆ ಸಂಬಳ ಬರುತ್ತಿದ್ದದ್ದೇ ಸಿಟ್ಟು, ದುರಾಸೆ, ಹೆಣ್ಣಿನ ಮೇಲೆ ಕೆಟ್ಟ ಕಣ್ಣು ಇವನ್ನು ತೋರಿಸುವುದಕ್ಕೆ. ಅವನ್ನೆಲ್ಲ ಅವರು ಸೆಟ್‌ನಲ್ಲೇ ಬಿಟ್ಟು ಮನೆಗೆ ಬರುತ್ತಿದ್ದರು.

ಆರು ದಶಕಕ್ಕೂ ಹೆಚ್ಚು ಕಾಲ ಅವರು ಮಲೆಗೆ ಹೋದರು. ವರ್ಷ ಕಳೆದಂತೆ ಹಿಂದೆ ಬರುವವರು ಹೆಚ್ಚಾದರು, ಸಿನಿಮಾದವರೂ ಬಂದರು. ಆ ಕಾಲದಲ್ಲಿ ಕನ್ನಡ ಚಿತ್ರಗಳೂ ಮದ್ರಾಸಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದವು, ಅಣ್ಣಾವ್ರ ಮನೆಯೂ ಅಲ್ಲೇ ಇತ್ತು. ನಮ್ಮ ರಾಜಕುಮಾರ್, ನಮ್ಮ ಬೆಂಗಳೂರಿನಿಂದ ಹೋದ ರಜನಿಕಾಂತ್ ಇಬ್ಬರೂ ನಂಬಿಯಾರ್ ಸ್ವಾಮಿಗಳ ಜೊತೆ ಮಲೆಗೆ ಹೋದವರು. ನನಗೆ ಇದು ಬಹಳ ಇಷ್ಟವಾದ ಸಂಗತಿ. ಪರದೆ ಮೇಲೆ ಕೊನೆಯ ರೀಲಿನಲ್ಲಿ ಖಳನಾಯಕ ನಾಯಕನ ಕಾಲಿಗೆ ಬೀಳಬೇಕು. ಮಲೆಗೆ ಹೊರಟಾಗ ನಾಯಕರು ಖಳನಾಯಕನ ಕಾಲಿಗೆ ಬಿದ್ದು ಹಿಂದೆ ನಡೆಯುತ್ತಾರೆ.

ವಯಸ್ಸಾದ ಮೇಲೆ ಸಿನಿಮಾದಲ್ಲೂ ಅವರಿಗೆ ಬಿಡುಗಡೆ ಸಿಕ್ಕಿತು. 1982ರಲ್ಲಿ ಭಾಗ್ಯರಾಜ್ ತಮ್ಮ ತೂರಲ್ ನಿನ್ನು ಪೋಚ್ಚು ಚಿತ್ರದಲ್ಲಿ ಅವರಿಗೆ ನಗಿಸುವ, ಒಳ್ಳೆಯ ಮನಸ್ಸಿನ ಪಾತ್ರ ಕೊಟ್ಟರು. ಮೂವತ್ತು ವರ್ಷ ಬೈದ ಜನ ಅವರನ್ನು ನೋಡಿ ಮನಸಾರೆ ನಕ್ಕರು. 2006ರ ಸುದೇಸಿ ಅವರ ಕೊನೆಯ ಚಿತ್ರ. 1935ರಿಂದ ಲೆಕ್ಕ ಹಾಕಿದರೆ 71 ವರ್ಷ.

2008ರ ನವೆಂಬರ್ 19ರಂದು ಚೆನ್ನೈನಲ್ಲಿ ತೀರಿಕೊಂಡರು. 89 ವರ್ಷ ವಯಸ್ಸಾಗಿತ್ತು. ಮಂಡಲ ಕಾಲ ಶುರುವಾಗಿ ಒಂದು ವಾರವೂ ಆಗಿರಲಿಲ್ಲ. ಅವರ ಹಿಂದೆ ಮಲೆ ಹತ್ತಿದ ಎಷ್ಟೋ ಜನ ಆ ಸುದ್ದಿ ಕೇಳುವಾಗ ಕೊರಳಲ್ಲಿ ಮಾಲೆ ಇತ್ತು.

ಅವರ ಚಿತ್ರ ನೋಡಬೇಕೆನ್ನುವ ಸ್ವಾಮಿಗಳು ಎಂಗ ವೀಟ್ಟು ಪಿಳ್ಳೈಯಿಂದ ಶುರು ಮಾಡಿ, ಆಮೇಲೆ ತೂರಲ್ ನಿನ್ನು ಪೋಚ್ಚು ನೋಡಿ. ತಮಿಳು ಅಷ್ಟಾಗಿ ಬರದಿದ್ದರೂ ಆ ಮುಖ ನೋಡಿದರೆ ಎಲ್ಲ ತಿಳಿಯುತ್ತದೆ. ಆದರೆ ಈಗ ಬೇಡ, ಮಾಲೆ ಇಳಿಸಿದ ಮೇಲೆ.

ಸ್ವಾಮಿ ಶರಣಂ.