ಕಿಡಿಯ ಬೆನ್ನು ಹತ್ತಿದ ಬಾಷ್

ಓಡುತ್ತಿದ್ದ ಕಾರು ಇದ್ದಕ್ಕಿದ್ದಂತೆ ಆಫ್ ಆಗುತ್ತದೆ. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ. ಬಾನೆಟ್ ಎತ್ತಿ ಅರ್ಧ ಗಂಟೆ ಕಾದರೆ ಏನೂ ಆಗಿಲ್ಲವೆಂಬಂತೆ ಶುರು! ಹಳೆಯ ಗಾಡಿಯಾದರೆ ಮೆಕ್ಯಾನಿಕ್ ಮಾಡುವ ಮೊದಲ ಕೆಲಸ ಒಂದೇ. ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಅದರ ಮೈಯನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ ಇನ್ನೊಬ್ಬನಿಗೆ ಸೆಲ್ಫ್ ಹೊಡೆಯಲು ಹೇಳುತ್ತಾನೆ. ನೀಲಿ ಕಿಡಿ ಚಟಚಟ ಎಂದರೆ ಅವನ ಕಣ್ಣು ಪೆಟ್ರೋಲ್ ಕಡೆ ಹೊರಳುತ್ತದೆ. ಕಿಡಿಯೇ ಇಲ್ಲವೆಂದರೆ ಕಾಯಿಲ್, ಪಾಯಿಂಟ್, ಕಂಡೆನ್ಸರ್ ಎಂದು ಒಂದೊಂದನ್ನೇ ಹಿಂದಕ್ಕೆ ಹುಡುಕುತ್ತಾ ಹೋಗುತ್ತಾನೆ. ಈಗಿನ ಗಾಡಿಗಳಲ್ಲಿ ಆ ಪಟ್ಟಿಗೆ ಕ್ರ್ಯಾಂಕ್ ಸೆನ್ಸರ್ ಕೂಡ ಸೇರಿದೆ. ಬಿಸಿಯಾದಾಗ ಮಾತ್ರ ಕೈಕೊಟ್ಟು, ತಣ್ಣಗಾದ ಕೂಡಲೇ ಒಳ್ಳೆಯ ಮಗುವಾಗುವ ಕಾಯಿಲ್ ಹಿಡಿಯುವುದು ಬಲು ಕಷ್ಟ. ಪ್ರೊಡಕ್ಷನ್‌ನಲ್ಲಿ ಮಾತ್ರ ಕಾಣಿಸಿಕೊಳ್ಳುವ ಬಗ್ ಜತೆ ಗುದ್ದಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ನಮ್ಮ ಕಾಲದಲ್ಲಿ ಇದು ಅಪರೂಪದ ರಿಪೇರಿ. ಸುಮಾರು 130 ವರ್ಷಗಳ ಹಿಂದೆ ಪ್ರತಿ ಮೋಟಾರು ಗಾಡಿಯ ಪಾಡೂ ಇದೇ ಆಗಿತ್ತು. ಡೈಮ್ಲರ್ ಎಂಜಿನ್‌ಗಳಲ್ಲಿ ಒಂದು ಪುಟ್ಟ ಕೊಳವೆಯನ್ನು ಬರ್ನರಿನ ಜ್ವಾಲೆಯಿಂದ ಕೆಂಪಗೆ ಕಾಯಿಸಿ ಇಂಧನ ಹೊತ್ತಿಸುತ್ತಿದ್ದರು. ಗಾಳಿ ಬೀಸಿದರೆ ಜ್ವಾಲೆ ಆರುತ್ತಿತ್ತು, ಬೆಂಕಿ ಅನಾಹುತದ ಭಯವಂತೂ ಇದ್ದೇ ಇತ್ತು. ಕಾರ್ಲ್ ಬೆಂಜ್ ಬ್ಯಾಟರಿ ಮತ್ತು ಕಾಯಿಲ್ ನಂಬಿದ್ದರು. ಗಾಡಿಯಲ್ಲಿ ಅದನ್ನು ಚಾರ್ಜ್ ಮಾಡುವ ಏರ್ಪಾಡಿರಲಿಲ್ಲವಾದ್ದರಿಂದ ಬ್ಯಾಟರಿ ಸತ್ತರೆ ಪ್ರಯಾಣವೂ ಮುಗಿಯಿತು. ಮೋಟಾರು ಗಾಡಿಯ ಸಮಸ್ಯೆಗಳಲ್ಲೆಲ್ಲ ಇದೇ ದೊಡ್ಡದೆಂದು ಬೆಂಜ್ ಅವರಿಗೇ ಅನ್ನಿಸಿತ್ತು. ಅದನ್ನು ಬಿಡಿಸಿದ ಮೇಸ್ತ್ರಿ ರಾಬರ್ಟ್ ಬಾಷ್.

ಅವರು ಹುಟ್ಟಿದ್ದು 1861ರಲ್ಲಿ, ದಕ್ಷಿಣ ಜರ್ಮನಿಯ ಉಲ್ಮ್ ಪಟ್ಟಣದ ಬಳಿಯ ಅಲ್ಬೆಕ್ ಎಂಬ ಹಳ್ಳಿಯಲ್ಲಿ. ಹೊಲಮನೆ ಜತೆಗೆ ಛತ್ರದಂಥ ವಸತಿಗೃಹವನ್ನೂ ನಡೆಸುತ್ತಿದ್ದ ಅನುಕೂಲಸ್ಥ ಕುಟುಂಬ, 12 ಮಕ್ಕಳಲ್ಲಿ ಹನ್ನೊಂದನೆಯವರು. ಓದು ಹೆಚ್ಚು ಹತ್ತಲಿಲ್ಲ. ಉಲ್ಮ್‌ನಲ್ಲಿ ಸೂಕ್ಷ್ಮ ಯಂತ್ರಗಳ ಕೆಲಸ ಕಲಿತು ಊರಿಂದೂರಿಗೆ ಕೆಲಸ ಬದಲಿಸುತ್ತಾ ಅಲೆದರು. 1884ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕ್‌ನಲ್ಲಿ ಎಡಿಸನ್ ಕಾರ್ಖಾನೆಯಲ್ಲಿ ದುಡಿದರು. ಅಲ್ಲಿಂದ ಇಂಗ್ಲೆಂಡಿನ ಸೀಮೆನ್ಸ್ ಬ್ರದರ್ಸ್. ಪ್ರಾಜೆಕ್ಟ್ ಮುಗಿದಂತೆಲ್ಲ ಪುಣೆ, ಹೈದರಾಬಾದ್, ನೋಯ್ಡಾ ಎಂದು ಗಂಟುಮೂಟೆ ಕಟ್ಟುವ ನಮಗೆ ಈ ಜಾತಕ ಅಪರಿಚಿತವೇನಲ್ಲ.

25ನೇ ವಯಸ್ಸಿಗೆ ಸ್ವಂತ ನಾಡಿಗೆ ಮರಳಿ, 1886ರ ನವೆಂಬರ್‌ನಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಒಂದು ವರ್ಕ್‌ಶಾಪ್ ತೆರೆದರು. ಒಬ್ಬ ಮೆಕ್ಯಾನಿಕ್, ಒಬ್ಬ ಆಳು ಹುಡುಗ, ತಂದೆಯಿಂದ ಬಂದ ಹಣ. ಟೆಲಿಫೋನ್ ಜೋಡಿಸುವುದು, ಕರೆಗಂಟೆ ಹಾಕುವುದು, ಏನು ಸಿಕ್ಕರೆ ಅದು. ಮರುವರ್ಷ ಗಿರಾಕಿಯೊಬ್ಬರು ನಿಂತಲ್ಲೇ ಓಡುವ ಗ್ಯಾಸ್ ಎಂಜಿನ್‌ಗೆ ಮ್ಯಾಗ್ನೆಟೊ ಬೇಕೆಂದು ಕೇಳಿದರು. ಡಾಯ್ಟ್ಸ್ ಕಂಪನಿಯ ಎಂಜಿನ್‌ಗಳಲ್ಲಿ ಅಂಥದ್ದು ಆಗಲೇ ಇತ್ತು. ಅಂದರೆ ಮ್ಯಾಗ್ನೆಟೊ ಬಾಷ್ ಅವರ ಆವಿಷ್ಕಾರವಲ್ಲ. ಆಯಸ್ಕಾಂತದ ನಡುವೆ ತಂತಿಯ ಸುರುಳಿ ಅಲುಗಾಡಿದರೆ ವಿದ್ಯುತ್ ಹುಟ್ಟುತ್ತದೆ. ಸಿಲಿಂಡರಿನೊಳಗೆ ತಾಗಿಕೊಂಡ ಎರಡು ಲೋಹದ ತುದಿಗಳನ್ನು ಆ ಗಳಿಗೆಯಲ್ಲಿ ಬಿಡಿಸಿದರೆ, ಮನೆಯ ಸ್ವಿಚ್ ಆರಿಸುವಾಗ ಕಾಣುವಂತೆ, ಕಿಡಿ ಹಾರುತ್ತದೆ. ಬ್ಯಾಟರಿಯ ಹಂಗೇ ಇಲ್ಲ.

ಅದರಿಂದ ಕೂಡಲೇ ಶ್ರೀಮಂತರೇನೂ ಆಗಲಿಲ್ಲ. 1890ರ ದಶಕದ ಆರಂಭದಲ್ಲಿ ಆರ್ಡರ್‌ಗಳಿಲ್ಲದೆ ಹೆಚ್ಚಿನ ಕೆಲಸಗಾರರನ್ನು ಮನೆಗೆ ಕಳಿಸಬೇಕಾಯಿತು. ಬಾಷ್ ಸೈಕಲ್ ತುಳಿದುಕೊಂಡು ಗಿರಾಕಿಗಳ ಮನೆಗೆ ಹೋಗಿ ಕೆಲಸ ಸರಿಯಾಗಿದೆಯೇ ಎಂದು ನೋಡಿ ಬರುತ್ತಿದ್ದ ಕಾಲ ಅದು.

ತಿರುವು ಬಂದದ್ದು 1897ರಲ್ಲಿ. ಡಿ ಡಿಯಾನ್-ಬೂಟಾನ್ ಕಂಪನಿಯ ಮೂರು ಚಕ್ರದ ಮೋಟಾರು ಗಾಡಿಯೊಂದಕ್ಕೆ ಮ್ಯಾಗ್ನೆಟೊ ಕೂರಿಸಿಕೊಡಬೇಕೆಂಬ ಕೋರಿಕೆ ಬಂತು. ನಿಧಾನ ತಿರುಗುವ ಎಂಜಿನ್‌ಗೆ ಸರಿಹೋಗುತ್ತಿದ್ದ ಯಂತ್ರ ಈ ವೇಗಕ್ಕೆ ಸಮನಾಗಲಿಲ್ಲ. ಭಾರದ ಸುರುಳಿಯನ್ನು ಹಿಂದೆ ಮುಂದೆ ಅಷ್ಟು ಬೇಗ ಅಲ್ಲಾಡಿಸುವುದು ಹೇಗೆ? ಬಾಷ್ ಅವರ ಕೈಕೆಳಗಿದ್ದ ಆರ್ನಾಲ್ಡ್ ಜ್ಯಾರಿಂಗರ್ ಸುರುಳಿಯನ್ನು ಅಲುಗದಂತೆ ಬಿಗಿದು, ಅದರ ಸುತ್ತ ಹಗುರವಾದ ಲೋಹದ ತೋಳು ಮಾತ್ರ ಆಡುವಂತೆ ಮಾಡಿದರು. ಚೊಕ್ಕ ಪರಿಹಾರ! ಐದು ವರ್ಷದಲ್ಲಿ ಗಾಟ್ಲಾಬ್ ಹೊನಾಲ್ಡ್ ಎಂಬ ಇನ್ನೊಬ್ಬ ಎಂಜಿನಿಯರ್ ಇನ್ನೂ ಮುಂದೆ ಹೋದರು. ಒಂದೇ ಸುರುಳಿಯ ಜಾಗದಲ್ಲಿ ದಪ್ಪ ತಂತಿಯ ಕೆಲವೇ ಸುತ್ತು, ಅದರ ಮೇಲೆ ತೆಳು ತಂತಿಯ ಸಾವಿರಾರು ಸುತ್ತು. ಹುಟ್ಟುವ ವೋಲ್ಟೇಜ್ ಎಷ್ಟು ಹೆಚ್ಚೆಂದರೆ, ಸಿಲಿಂಡರಿನೊಳಗೆ ಅಲುಗುವ ತುದಿಗಳೇ ಬೇಕಿಲ್ಲ, ಸ್ಥಿರವಾದ ಎರಡು ತುದಿಗಳ ನಡುವಿನ ಸಂದನ್ನು ಕಿಡಿ ತಾನೇ ಹಾರುತ್ತದೆ. ಸ್ಪಾರ್ಕ್ ಪ್ಲಗ್ ಜತೆಗೆ ಇದು 1902ರಲ್ಲಿ ಮಾರುಕಟ್ಟೆಗೆ ಬಂತು. ಮೆಕ್ಯಾನಿಕ್ ಇಂದಿಗೂ ಪ್ಲಗ್ ಬಿಚ್ಚಿ ಹುಡುಕುವುದು ಇದೇ ಕಿಡಿಯನ್ನು.

ಇಲ್ಲಿ ನನಗೆ ಬಾಷ್ ಇಷ್ಟವಾಗುತ್ತಾರೆ. ಎರಡು ದೊಡ್ಡ ಸುಧಾರಣೆಗಳೂ ಬೇರೆಯವರ ತಲೆಯಿಂದ ಬಂದವು. ಯಾರಿಗೆ ಯಾವ ಕೆಲಸ ಕೊಡಬೇಕು, ಯಾವ ಮಾಲನ್ನು ಗಿರಾಕಿಗೆ ಕಳಿಸಬಾರದು ಎಂಬುದು ಬಾಷ್ ಅವರಿಗೆ ಗೊತ್ತಿತ್ತು. 1906ರಲ್ಲಿ ಒಂದು ಲಕ್ಷನೇ ಮ್ಯಾಗ್ನೆಟೊ ಹೊರಬಂತು. ಅದೇ ವರ್ಷ ಕಾರ್ಖಾನೆಯಲ್ಲಿ ದಿನಕ್ಕೆ ಎಂಟು ಗಂಟೆಯ ದುಡಿಮೆ ಜಾರಿಗೆ ತಂದರು. ಉಳಿದ ಮಾಲೀಕರು ಅವರನ್ನು ಕೆಂಪು ಬಾಷ್ ಎಂದು ಆಡಿಕೊಂಡರು. ಹೀಗಿದ್ದೂ 1913ರಲ್ಲಿ ಅವರದೇ ಕಾರ್ಮಿಕರು ಮುಷ್ಕರ ಹೂಡಿದಾಗ ಮನಸ್ಸು ಮುರಿದು ಮಾಲೀಕರ ಸಂಘ ಸೇರಿದರು. ಮೊದಲ ಮಹಾಯುದ್ಧ ಅಮೆರಿಕದ ಕಾರ್ಖಾನೆಯನ್ನು ಕಸಿದುಕೊಂಡಿತು. ಯುದ್ಧದಲ್ಲಿ ಬಂದ ಲಾಭದ ದೊಡ್ಡ ಪಾಲನ್ನು ಬಾಷ್ ದಾನ ಮಾಡಿದರು. 1921ರಲ್ಲಿ ಉತ್ತರಾಧಿಕಾರಿಯಾಗಬೇಕಿದ್ದ ಮಗ ದೀರ್ಘ ಕಾಯಿಲೆಯಿಂದ ತೀರಿಕೊಂಡ.

ಕೊನೆಯ ವರ್ಷಗಳ ಲೆಕ್ಕ ಇಷ್ಟು ಸರಳವಲ್ಲ. ನಾಜಿಗಳನ್ನು ಬಾಷ್ ಮೆಚ್ಚಲಿಲ್ಲ. 1937ರಲ್ಲಿ ಹಿಟ್ಲರ್ ವಿರೋಧಿ ಕಾರ್ಲ್ ಗೋರ್ಡೆಲರ್ ಅವರಿಗೆ ಸಲಹೆಗಾರನ ಕೆಲಸ ಕೊಟ್ಟು ಆಸರೆಯಾದರು. ಯಹೂದಿಗಳು ಪಾರಾಗಲು ಕಂಪನಿಯ ಕಡೆಯಿಂದ ಹಣ ಹೋಯಿತು. ಅದೇ ಕಂಪನಿ ಯುದ್ಧಯಂತ್ರಕ್ಕೆ ಬಿಡಿಭಾಗ ಪೂರೈಸಿತು, ಬಲವಂತವಾಗಿ ಎಳೆತಂದ ಸಾವಿರಾರು ಜನರನ್ನು ದುಡಿಸಿಕೊಂಡಿತು. ಒಂದರಿಂದ ಇನ್ನೊಂದನ್ನು ಕಳೆಯಲು ನನಗೆ ಬರುವುದಿಲ್ಲ. 1942ರ ಮಾರ್ಚ್‌ನಲ್ಲಿ ಬಾಷ್ ತೀರಿಕೊಂಡಾಗ ನಾಜಿ ಸರ್ಕಾರವೇ ಸರ್ಕಾರಿ ಗೌರವದ ಅಂತ್ಯಕ್ರಿಯೆ ನಡೆಸಿತು. ಗೋರ್ಡೆಲರ್ ಅವರನ್ನು 1945ರಲ್ಲಿ ಅದೇ ಸರ್ಕಾರ ಗಲ್ಲಿಗೇರಿಸಿತು.

ಬೆಂಗಳೂರಿನವರಿಗೆ ಈ ಕಥೆಯ ಮುಂದಿನ ಭಾಗ ಗೊತ್ತು. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮ ಮೈಕೊ, ಆಡುಗೋಡಿಯಲ್ಲಿ ಪ್ಲಗ್ ಮಾಡಿತು. ಸ್ಕೂಟರ್ ಡಿಕ್ಕಿಯಲ್ಲಿ ಒಂದು ಮೈಕೊ ಪ್ಲಗ್ ಎಕ್ಸ್‌ಟ್ರಾ ಇಟ್ಟುಕೊಳ್ಳದ ಮನೆಗಳು ಕಡಿಮೆ. 2008ರಲ್ಲಿ ಬೋರ್ಡಿನ ಮೇಲೆ ಬಾಷ್ ಎಂದು ಹೆಸರು ಬದಲಾಯಿತು. ಬಡಾವಣೆಯ ಹೆಸರು ಮಾತ್ರ ಇನ್ನೂ ಮೈಕೊ ಲೇಔಟ್. ಆ ಬೋರ್ಡಿನಲ್ಲಿ ಹೆಸರಿನ ಪಕ್ಕ, ವೃತ್ತದೊಳಗೆ ಇಂಗ್ಲಿಷ್ ಎಚ್ ಅಕ್ಷರದಂತೆ ಕಾಣುವ ಗುರುತೊಂದಿದೆ. ಅದು ಅಕ್ಷರವಲ್ಲ. ಹಳೆಯ ಮ್ಯಾಗ್ನೆಟೊದ ಸುರುಳಿ ಸುತ್ತುವ ಕಬ್ಬಿಣದ ತಿರುಳನ್ನು ಅಡ್ಡಕ್ಕೆ ಕೊಯ್ದರೆ ಕಾಣುವ ಆಕಾರ. 1918ರಲ್ಲಿ ಅದನ್ನು ಬರೆದವರು ಹೊನಾಲ್ಡ್.