ಪರೇಲಿನ ಹಾಫ್ಕೀನ್ ಸಾಹೇಬರು

ಮುಂಬಯಿಯ ಪರೇಲಿನಲ್ಲಿ ಟಾಟಾ ಆಸ್ಪತ್ರೆ ಹಾಗೂ ಕೆ. ಇ. ಎಂ. ಆಸ್ಪತ್ರೆಗಳ ನೆರೆಯಲ್ಲಿಯೇ ಹಾಫ್ಕೀನ್ ಸಂಸ್ಥೆಯ ವಿಶಾಲವಾದ ಹಳೆಯ ಆವರಣವಿದೆ. ಊರಿನಿಂದ ಔಷಧೋಪಚಾರಕ್ಕೆಂದು ಬಂದ ನಂಟರಿಷ್ಟರನ್ನು ಕರೆದುಕೊಂಡು ನಮ್ಮಲ್ಲಿ ಎಷ್ಟೋ ಮಂದಿ ಅದರ ಮುಂದಿನಿಂದ ಹಾದುಹೋಗಿರುತ್ತೇವೆ. ಆದರೆ ಈ ಹಾಫ್ಕೀನರು ಯಾರು, ಅವರಿಗೂ ನಮ್ಮ ಹುಬ್ಬಳ್ಳಿಗೂ ಏನು ಸಂಬಂಧವೆಂದು ವಿಚಾರಿಸಿದವರು ವಿರಳ. ಔಷಧವನ್ನು ಕಂಡುಹಿಡಿಯುವುದು ಒಂದು ಕೆಲಸ. ಅದನ್ನು ಯಾವ ರೂಪದಲ್ಲಿ, ಯಾವ ದಾರಿಯಿಂದ, ಕೆಡದಂತೆ ಜನರ ಮೈಯೊಳಗೆ ಸೇರಿಸಬೇಕೆಂಬುದು ಇನ್ನೊಂದು ಕೆಲಸ. ಈ ಎರಡನೆಯ ಕೆಲಸದಲ್ಲಿ ಕೀರ್ತಿಯನ್ನು ಗಳಿಸಿ, ಅದರಲ್ಲಿಯೇ ಪೆಟ್ಟನ್ನೂ ತಿಂದ ಮಹನೀಯರು ಅವರು.

ವಾಲ್ಡೆಮಾರ್ ಹಾಫ್ಕೀನರು ೧೮೬೦ನೆಯ ಇಸವಿಯ ಮಾರ್ಚಿಯಲ್ಲಿ, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಒಡೆಸ್ಸಾ ಪಟ್ಟಣದ ಯಹೂದಿ ಮನೆತನವೊಂದರಲ್ಲಿ ಜನಿಸಿದರು. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಮೆಚ್ನಿಕಾಫರ ಶಿಷ್ಯರಾಗಿ ಪ್ರಾಣಿಶಾಸ್ತ್ರವನ್ನು ಅಭ್ಯಸಿಸಿದರು. ಯಹೂದಿಯಾದವನಿಗೆ ಅಲ್ಲಿ ಅಧ್ಯಾಪಕನ ಪದವಿ ಸಿಗಬೇಕಾದರೆ ಮತಾಂತರಗೊಳ್ಳಬೇಕಿತ್ತು. ಅದಕ್ಕೆ ಅವರು ಒಪ್ಪಲಿಲ್ಲ. ಊರು ಬಿಟ್ಟು ಜಿನೀವಾಕ್ಕೆ, ಅಲ್ಲಿಂದ ೧೮೮೯ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಗೆ ಬಂದರು. ಅಲ್ಲಿಯೂ ಅವರಿಗೆ ದೊರೆತದ್ದು ಪುಸ್ತಕಭಂಡಾರದ ಕೆಲಸ. ಹೊಟ್ಟೆಯ ಪಾಡಿಗಾಗಿ ಊರು ಬಿಟ್ಟು ಸಿಕ್ಕ ಕೆಲಸವನ್ನು ಹಿಡಿಯುವುದೆಂದರೇನೆಂಬುದು ನಮಗೆ ಹೊಸದಾಗಿ ತಿಳಿಸಬೇಕಾದ ಸಂಗತಿಯಲ್ಲ.

ಪುಸ್ತಕಗಳ ನಡುವೆ ಬಿಡುವು ಮಾಡಿಕೊಂಡು ಅವರು ಕಾಲರಾ ರೋಗಾಣುಗಳನ್ನು ಪರೀಕ್ಷಿಸತೊಡಗಿದರು. ೧೮೯೨ರ ಜುಲೈ ೧೮ರಂದು ತಮ್ಮ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಜ್ವರ ಬಂದು ಇಳಿಯಿತು. ಮರುವರ್ಷ ಕಲಕತ್ತೆಗೆ ಬಂದಿಳಿದರು.

ನಮ್ಮ ಹಿರಿಯರಿಗೆ ಔಷಧವೆಂದರೆ ಕಷಾಯ, ಚೂರ್ಣ, ಲೇಹ್ಯ, ಗುಳಿಗೆ. ರೋಗ ಬಂದಮೇಲೆ ಬಾಯಿಂದ ಸೇವಿಸತಕ್ಕದ್ದು. ತೋಳಿನ ಚರ್ಮವನ್ನು ಗೀರಿ ದೇವಿ ಹಾಕುವುದು ಬಳಕೆಗೆ ಬಂದಿತ್ತಾದರೂ ಅದಕ್ಕೂ ಅಂಜುವವರಿದ್ದರು. ಹೀಗಿರುವಾಗ, ಕರುಳಿನ ಬೇನೆಯಾದ ಕಾಲರಾಕ್ಕೆ ಪಕ್ಕೆಯ ಚರ್ಮದ ಅಡಿಯಲ್ಲಿ ಸೂಜಿ ಚುಚ್ಚುವುದು, ಅದೂ ಆರೋಗ್ಯವಾಗಿರುವವನಿಗೆ, ಅದೂ ಆ ರೋಗದ ಕ್ರಿಮಿಗಳನ್ನೇ! ಜನ ಸಂಶಯಪಟ್ಟದ್ದು ಸಹಜವೇ. ಹಾಫ್ಕೀನರು ವಾದಕ್ಕಿಳಿಯದೆ ಲೆಕ್ಕವನ್ನು ಹಿಡಿದರು. ಕಲಕತ್ತೆಯ ಕಾಟಾಲ್ ಬಾಗಾನ್ ಎಂಬ ಬಡವರ ಬಸ್ತಿಯಲ್ಲಿ ೧೮೯೪ರಲ್ಲಿ ಸುಮಾರು ೨೦೦ ಜನರ ಪೈಕಿ ೧೧೬ ಮಂದಿ ಚುಚ್ಚಿಸಿಕೊಂಡರು. ಆಮೇಲೆ ಅಲ್ಲಿ ಕಾಲರಾ ಬಿದ್ದದ್ದು ಚುಚ್ಚಿಸಿಕೊಳ್ಳದವರಿಗೆ. ಒಂದೇ ಬಸ್ತಿ, ಒಂದೇ ನೀರು. ಹಾಕಿಸಿಕೊಂಡವರು ಈ ಕಡೆ, ಹಾಕಿಸಿಕೊಳ್ಳದವರು ಆ ಕಡೆ. ಜಮೆ ಖರ್ಚಿನ ಪುಸ್ತಕದಲ್ಲಿ ಬದುಕುವ ನಮ್ಮಂಥವರಿಗೆ ಈ ಪದ್ಧತಿ ಬಹಳ ಹಿಡಿಸುತ್ತದೆ.

೧೮೯೬ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಅಕ್ಟೋಬರಿನಲ್ಲಿ ಹಾಫ್ಕೀನರನ್ನು ಇಲ್ಲಿಗೆ ಕರೆಸಿದರು. ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅವರಿಗೆ ಕೊಟ್ಟ ಬಳಗವೆಂದರೆ ಒಬ್ಬ ಗುಮಾಸ್ತ ಮತ್ತು ಮೂವರು ಜವಾನರು. (ಆ ಗುಮಾಸ್ತನಿಗೂ ನಮ್ಮ ನಮಸ್ಕಾರ ಸಲ್ಲಲಿ.) ಮದ್ದು ತಯಾರಿಸಿದ ಬಗೆ ಸ್ವಾರಸ್ಯವಾಗಿದೆ. ಎಲ್ಲ ಮತದವರ ಮನಸ್ಸನ್ನೂ ಗಮನಿಸಿ ದನ ಹಂದಿಗಳ ಗೊಡವೆಗೆ ಹೋಗದೆ ಆಡಿನ ಮಾಂಸದ ಸಾರನ್ನು ಸಿದ್ಧಪಡಿಸಿ, ಅದರ ಮೇಲೆ ನಾಲ್ಕು ಹನಿ ತುಪ್ಪವನ್ನೋ ಕೊಬ್ಬರಿ ಎಣ್ಣೆಯನ್ನೋ ತೇಲಿಬಿಡುವರು. ಪ್ಲೇಗಿನ ಕ್ರಿಮಿಗಳು ಆ ಜಿಡ್ಡಿಗೆ ಅಂಟಿಕೊಂಡು ಆಲದ ಮರದ ಬಿಳಲುಗಳಂತೆ ಕೆಳಕ್ಕೆ ಇಳಿಯುತ್ತವೆ. ಸೀಸೆಯನ್ನು ಅಲುಗಿಸಿದರೆ ಬಿಳಲು ಕಳಚಿ ತಳಕ್ಕೆ ಬಿದ್ದು, ಮತ್ತೆ ಹೊಸದು ಇಳಿಯುತ್ತದೆ. ಹೀಗೆ ಕೆಲವು ವಾರ ಬೆಳೆಸಿ, ಕಾಸಿ ಕ್ರಿಮಿಗಳನ್ನು ಕೊಂದು, ಕೆಡದಿರಲೆಂದು ಕಾರ್ಬಾಲಿಕ್ ಆಮ್ಲವನ್ನು ಬೆರೆಸಿ, ಸೀಸೆಗೆ ತುಂಬಿ ಬಿರಡೆ ಹಾಕುವುದು. ೧೮೯೭ರ ಜನವರಿ ೧೦ರಂದು ಇದನ್ನೂ ಅವರು ಮೊದಲು ತಮಗೇ ಚುಚ್ಚಿಸಿಕೊಂಡರು. ಅದೂ ಮುಂದೆ ಜನರಿಗೆ ಕೊಟ್ಟ ಪ್ರಮಾಣಕ್ಕಿಂತ ಬಹಳ ಹೆಚ್ಚು. ಅದೇ ತಿಂಗಳ ಕೊನೆಗೆ ಬೈಕಲಾ ಜೈಲಿನಲ್ಲಿ ಇಷ್ಟಪಟ್ಟು ಮುಂದೆ ಬಂದ ಕೈದಿಗಳಿಗೆ ಹಾಕಿದರು. ಆಗಾಖಾನರು ಎಲ್ಲರೆದುರಿಗೆ ಚುಚ್ಚಿಸಿಕೊಂಡು ತಮ್ಮ ಅನುಯಾಯಿಗಳಿಗೆ ಧೈರ್ಯ ಹೇಳಿದರು.

ಪ್ಲೇಗು ರೈಲು ಹಾದಿ ಹಿಡಿದು ದಕ್ಷಿಣಕ್ಕೂ ಇಳಿಯಿತು. ೧೮೯೮ರಲ್ಲಿ ಹುಬ್ಬಳ್ಳಿ ಧಾರವಾಡಗಳ ಸೀಮೆ ತತ್ತರಿಸಿತು. ಬೆಂಗಳೂರಿಗೂ ಅದೇ ವರ್ಷ ಬಂತು, ಬಸವನಗುಡಿ ಮಲ್ಲೇಶ್ವರಗಳು ಎದ್ದದ್ದು ಅದರ ಬೆನ್ನಿಗೇ. ಮನೆಯಲ್ಲಿ ಇಲಿ ಬಿತ್ತೆಂದರೆ ಮನೆಗೆ ಬೀಗ ಹಾಕಿ ಬಯಲಿನ ಗುಡಿಸಲಿಗೆ ಓಡುವುದು, ಗಂಟು ಕಟ್ಟಿದವನ ಹತ್ತಿರ ಹೆತ್ತವರೂ ಸುಳಿಯಲು ಅಂಜುವುದು: ಇವನ್ನು ಅಜ್ಜಿಯಂದಿರ ಬಾಯಲ್ಲಿ ಕೇಳಿ ಬೆಳೆದ ಮನೆತನಗಳು ನಮ್ಮಲ್ಲಿ ಇನ್ನೂ ಇವೆ. ಇಂಥ ಹೊತ್ತಿನಲ್ಲಿ ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ಮುಂದಾಳುತನದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಹಾಫ್ಕೀನರ ಮದ್ದನ್ನು ಹಾಕಿಸಿಕೊಂಡರು. ಊರಿನ ಬಹುಭಾಗವೇ ಹಾಕಿಸಿಕೊಂಡಂತಾಯಿತು. ಮದ್ದು ಸಂಪೂರ್ಣ ರಕ್ಷೆಯಾಗಿರಲಿಲ್ಲ; ಹಾಕಿಸಿಕೊಂಡು ಸತ್ತವರೂ ಉಂಟು. ಆದರೆ ಹಾಕಿಸಿಕೊಳ್ಳದವರ ಸಾವಿನ ಮುಂದೆ ಅದು ಎಷ್ಟೋ ಕಡಿಮೆ. ಹುಬ್ಬಳ್ಳಿಯ ಅಂಕಿಗಳು ಆ ಕಾಲದ ವೈದ್ಯರಲ್ಲಿ ಮುಖ್ಯ ಸಾಕ್ಷ್ಯವಾದವು.

೧೮೯೯ರಲ್ಲಿ ಪರೇಲಿನ ಹಳೆಯ ಗವರ್ನರರ ಬಂಗಲೆಯನ್ನು ಹಾಫ್ಕೀನರ ಪ್ರಯೋಗಶಾಲೆಗೆ ಬಿಟ್ಟುಕೊಟ್ಟರು. ೧೮೮೨ರಲ್ಲಿ ಗವರ್ನರರ ಪತ್ನಿ ಕಾಲರಾದಿಂದ ತೀರಿಕೊಂಡದ್ದು ಇದೇ ಬಂಗಲೆಯಲ್ಲಿ.

ಇನ್ನು ಆ ಪೆಟ್ಟಿನ ವಿಷಯ. ೧೯೦೨ರ ಅಕ್ಟೋಬರ್ ೩೦ರಂದು ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ೧೦೭ ಮಂದಿಗೆ ಪ್ಲೇಗಿನ ಮದ್ದು ಚುಚ್ಚಿದರು. ಒಂದು ವಾರ ಕಳೆಯುವಷ್ಟರಲ್ಲಿ ಅವರಲ್ಲಿ ೧೯ ಮಂದಿಗೆ ಧನುರ್ವಾಯು ಹಿಡಿಯಿತು; ಹತ್ತೊಂಬತ್ತು ಮಂದಿಯೂ ಸತ್ತರು. ಅಂದು ತೆರೆದ ಸೀಸೆಗಳು ಐದು. ಸತ್ತವರೆಲ್ಲ ೫೩ ಎನ್ ಎಂಬ ಗುರುತಿನ ಒಂದೇ ಸೀಸೆಯಿಂದ ಹಾಕಿಸಿಕೊಂಡವರು. ಮಿಕ್ಕ ೮೮ ಮಂದಿಗೆ ಏನೂ ಆಗಲಿಲ್ಲ. ವಿಚಾರಣಾ ಸಮಿತಿಯು, ಸೀಸೆ ತೆರೆಯುವ ಮುಂಚೆಯೇ ಅದರೊಳಗೆ ವಿಷ ಸೇರಿತ್ತೆಂದು, ಅರ್ಥಾತ್ ತಪ್ಪು ಪರೇಲಿನದೆಂದು, ಅಭಿಪ್ರಾಯಪಟ್ಟಿತು. ಬೇಗ ಬೇಗ ಹೆಚ್ಚು ಮದ್ದು ತಯಾರಿಸುವ ಹೊಸ ಕ್ರಮದಲ್ಲಿ ಹಾಫ್ಕೀನರು ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು ಕೇವಲ ಕಾಸುವುದನ್ನೇ ನೆಚ್ಚಿದ್ದರು. ಆಪಾದನೆಗೆ ಇದು ಆಧಾರವಾಯಿತು. ಅವರನ್ನು ಅಧಿಕಾರದಿಂದ ತಪ್ಪಿಸಿದರು. ಅವರು ಇಂಗ್ಲೆಂಡಿಗೆ ಹೋಗಿ ವರ್ಷಗಟ್ಟಲೆ ನ್ಯಾಯಕ್ಕಾಗಿ ಬರೆಯುತ್ತ ಕುಳಿತರು.

ಕಾಗದಪತ್ರಗಳು ಹೊರಬಿದ್ದಾಗ ಒಂದು ಸಣ್ಣ ಸಂಗತಿ ಎದ್ದು ಕಂಡಿತು. ಆ ಸೀಸೆಯ ಬಿರಡೆ ಕೀಳುವ ಚಿಮಟ ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು. ಅದನ್ನು ಉರಿಯಲ್ಲಿ ಹಿಡಿದು ಶುದ್ಧಿಮಾಡುವ ಬದಲು ಕಾರ್ಬಾಲಿಕ್ ನೀರಿನಲ್ಲಿ ಅದ್ದಿ ಬಳಸಿದ್ದ. ಧನುರ್ವಾಯುವಿನ ಬೀಜ ಮಣ್ಣಿನಲ್ಲಿಯೇ ಇರತಕ್ಕದ್ದು. ಅಂಥ ಅದ್ದುವಿಕೆಗೆ ಅದು ಸಾಯುವುದಿಲ್ಲ. ಸೀಸೆಯಲ್ಲಿ ವಿಷ ವಾರಗಟ್ಟಲೆ ಬೆಳೆದಿದ್ದರೆ ತೆರೆದಾಗ ದುರ್ಗಂಧ ಬರಬೇಕಿತ್ತು, ಬಂದಿರಲಿಲ್ಲ. ಬಾಯಿಂದ ಕುಡಿಸುವ ಮದ್ದಾಗಿದ್ದರೆ ಆ ಧೂಳು ಹೊಟ್ಟೆಯಲ್ಲಿ ಕರಗಿಹೋಗುತ್ತಿತ್ತೋ ಏನೋ. ಚರ್ಮದೊಳಗೆ ಹೋದದ್ದಕ್ಕೆ ಅಂಥ ಕಾವಲಿಲ್ಲ. ಮಲೇರಿಯಾ ಖ್ಯಾತಿಯ ರೊನಾಲ್ಡ್ ರಾಸ್ ಮೊದಲಾದ ಹತ್ತು ಮಂದಿ ವಿಜ್ಞಾನಿಗಳು ೧೯೦೭ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಹಾಫ್ಕೀನರ ಪರವಾಗಿ ಬರೆದರು. ಅದೇ ವರ್ಷದ ಕೊನೆಗೆ ಸರಕಾರ ಆಪಾದನೆಯನ್ನು ಹಿಂತೆಗೆದುಕೊಂಡಿತು.

ಸೀಸೆಗೆ ಅಂಕಿಯಿಟ್ಟು, ಯಾವ ಸೀಸೆಯಿಂದ ಯಾರಿಗೆಂದು ಬರೆದಿಟ್ಟಿರದಿದ್ದರೆ ಈ ಸತ್ಯ ಎಂದಾದರೂ ಹೊರಬರುತ್ತಿತ್ತೇ ಎಂಬುದು ನಮ್ಮ ಸಂದೇಹ.

ಅವರು ಮತ್ತೆ ಕಲಕತ್ತೆಗೆ ಬಂದರಾದರೂ ಮೊದಲಿನ ಅಧಿಕಾರ ದೊರೆಯಲಿಲ್ಲ, ಮುಂಬಯಿ ಅವರದಾಗಲಿಲ್ಲ. ಮೊದಲನೆಯ ಮಹಾಯುದ್ಧದ ಆರಂಭದ ಹೊತ್ತಿಗೆ ನಿವೃತ್ತರಾಗಿ ಯುರೋಪಿಗೆ ಮರಳಿದರು. ಮದುವೆಯಾಗಲಿಲ್ಲ. ಗಳಿಸಿದ್ದನ್ನು ಯಹೂದಿ ಪಾಠಶಾಲೆಗಳಿಗೆ ಬರೆದಿಟ್ಟು, ೧೯೩೦ರ ಅಕ್ಟೋಬರ್ ೨೬ರಂದು ಸ್ವಿಟ್ಜರ್ಲೆಂಡಿನ ಲೋಸಾನಿನಲ್ಲಿ ತೀರಿಕೊಂಡರು. ಇತ್ತ ೧೮೯೭ರಿಂದ ೧೯೨೫ರವರೆಗೆ ಮುಂಬಯಿಯಿಂದ ಎರಡೂವರೆ ಕೋಟಿಗೂ ಹೆಚ್ಚು ಪ್ರಮಾಣದಷ್ಟು ಪ್ಲೇಗಿನ ಮದ್ದು ಹೊರಟುಹೋಗಿತ್ತು. ೧೯೨೫ರಲ್ಲಿ ಪರೇಲಿನ ಪ್ರಯೋಗಶಾಲೆಗೆ ಅವರ ಹೆಸರನ್ನಿಟ್ಟರು. ೧೯೬೪ರಲ್ಲಿ ನಮ್ಮ ಅಂಚೆ ಇಲಾಖೆ ಅವರ ಚಿತ್ರದ ಚೀಟಿಯನ್ನು ಹೊರತಂದಿತು. ಮುಂದೆ ಅವರ ಹೆಸರಿನ ಔಷಧ ಕಾರ್ಖಾನೆಯಿಂದ ಹೊರಟ ಪೋಲಿಯೋ ಲಸಿಕೆಗೆ ಸೂಜಿಯೂ ಬೇಕಿರಲಿಲ್ಲ. ಎರಡು ಹನಿ, ಮಗುವಿನ ನಾಲಿಗೆಯ ಮೇಲೆ.